ಕರೆಯುವವರು ಅರ್ಧ ದಾರಿ ಹೋಗಬೇಕು

ಕಳೆದ ವಾರ ಬೆಳಿಗ್ಗೆ ಪತ್ರಿಕೆ ಹಿಡಿದು ಕುಳಿತಿದ್ದಾಗ ಅಮೆರಿಕದ ಆಸ್ಟಿನ್ ನಗರದಿಂದ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಎಂಟನೆಯ ತರಗತಿಯಲ್ಲಿ ಬೀಜಗಣಿತಕ್ಕಾಗಿ ನನ್ನಿಂದ ಸಾಕಷ್ಟು ಬೈಸಿಕೊಂಡ ಹುಡುಗ. ಈಗ ಒಂದು ಹೆಣ್ಣುಮಗುವಿನ ತಂದೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಸಾರ್, ನೀವು ಅಪ್ಪನಿಗೆ ಸ್ವಲ್ಪ ಹೇಳಬೇಕು" ಎಂದನು. ಮಗುವಿಗೆ ಇನ್ನೂ ಎರಡೂವರೆ ತಿಂಗಳು. ಮುಂದಿನ ತಿಂಗಳೇ ಕರೆತಂದು ಮನೆದೇವರ ಸನ್ನಿಧಿಯಲ್ಲಿ ನಾಮಕರಣ ಮಾಡಬೇಕೆಂದು ಅವನ ತಂದೆಯ ಹಟ. ಇವನಿಗೆ ರಜೆ ಸಿಕ್ಕುವುದಿಲ್ಲ. ಹೆಂಡತಿ ಒಬ್ಬಳೇ ಮಗುವನ್ನೆತ್ತಿಕೊಂಡು ಬರಬೇಕು.

ಅವನ ತಂದೆ ನನ್ನ ಸಂಜೆಯ ನಡಿಗೆಯ ಸಂಗಾತಿ. ಹೇಳುವುದು ಕಷ್ಟವೇನಲ್ಲ. ಆದರೆ ಇನ್ನೊಬ್ಬರಿಗೆ ಬುದ್ಧಿ ಹೇಳುವ ಮುನ್ನ ನಾನು ಒಪ್ಪಿಕೊಳ್ಳಬೇಕಾದ ತಪ್ಪೊಂದಿದೆ. 2010ರಲ್ಲಿ ಅದೇ ಹಟವನ್ನು ನಾನೂ ಮಾಡಿದ್ದೆ. ನಮ್ಮ ಬಂಧುಗಳಲ್ಲಿ ಕೆಲವರಿಗೆ ಈ ಕಥೆಯ ಅರ್ಧ ಭಾಗ ಗೊತ್ತು. ಉಳಿದರ್ಧವನ್ನು ಇಂದು ಹೇಳುತ್ತೇನೆ.

ನನ್ನ ಮಗಳಿಗೆ 2009ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಹೆಣ್ಣುಮಗುವಾಯಿತು. ಬಾಣಂತನಕ್ಕೆ ನನ್ನ ಹೆಂಡತಿ ಹೋಗಿ ಡಿಸೆಂಬರಿನಲ್ಲಿ ಹಿಂದಿರುಗಿದಳು. ವೀಸಾ ನನಗೂ ಸಿಕ್ಕಿತ್ತು; ಆದರೆ ಎಂಬತ್ತೆಂಟು ವರ್ಷದ ನನ್ನ ತಾಯಿಯನ್ನು ಬಿಟ್ಟು ಹೋಗಲಾಗದೆ ನಾನು ತಿಪಟೂರಿನಲ್ಲಿಯೇ ಉಳಿದೆ. ಅಮ್ಮ ಒಮ್ಮೆ, ಮರಿಮಗಳ ಮುಖ ನೋಡುವ ಭಾಗ್ಯವಿದೆಯೋ ಇಲ್ಲವೋ ಎಂದಳು. ಒಂದೇ ಸಲ ಹೇಳಿದ ಮಾತು. ನಾನು ಅದನ್ನು ಹಿಡಿದುಕೊಂಡು ಪ್ರತಿ ಭಾನುವಾರ ಮಗಳಿಗೆ ದೂರವಾಣಿಯಲ್ಲಿ ಹತ್ತು ಸಲ ಹೇಳಿದೆ. ಹೆಣ್ಣುಮಗುವಿಗೆ ಐದನೆಯ ತಿಂಗಳಿನಲ್ಲಿ ಅನ್ನಪ್ರಾಶನ ಮಾಡುವ ಪದ್ಧತಿಯೂ ಇದೆಯಲ್ಲ. ಪುರೋಹಿತರನ್ನು ಕೇಳಿ ಫೆಬ್ರವರಿಯಲ್ಲಿ ಮುಹೂರ್ತವನ್ನೂ ಇಡಿಸಿಬಿಟ್ಟೆ. ಅಳಿಯನಿಗೆ ರಜೆ ದೊರೆಯಲಿಲ್ಲ. "ಅದಕ್ಕೇನು, ವಿಮಾನದಲ್ಲಿ ಕುಳಿತರೆ ಅದೇ ಕರೆದುಕೊಂಡು ಬರುತ್ತದೆ" ಎಂದು ನಾನು ಅಂದದ್ದು ಇಂದಿಗೂ ನೆನಪಿದೆ.

ಮಗುವಿಗೆ ಪಾಸ್‌ಪೋರ್ಟ್ ಆಗಬೇಕು, ಅಮೆರಿಕದ ಪ್ರಜೆಯಾದ್ದರಿಂದ ಭಾರತಕ್ಕೆ ಬರಲು ವೀಸಾ ಬೇಕು. ಇನ್ನೂ ಕತ್ತು ನಿಲ್ಲದ ಕೂಸನ್ನು ಬಿಳಿಯ ಹೊದಿಕೆಯ ಮೇಲೆ ಮಲಗಿಸಿ, ಕಣ್ಣು ಬಿಡುವವರೆಗೆ ಕಾದು, ಭಾವಚಿತ್ರ ತೆಗೆದರಂತೆ. ಅಷ್ಟೆಲ್ಲ ಓಡಾಟವನ್ನೂ ಮಗಳು ಬಾಣಂತಿತನದ ಸುಸ್ತಿನಲ್ಲಿಯೇ ಮಾಡಿ ಮುಗಿಸಿದಳು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಫ್ರಾಂಕ್‌ಫರ್ಟಿಗೆ ಸುಮಾರು ಹನ್ನೊಂದು ಗಂಟೆ, ಅಲ್ಲಿ ಕಾಯುವಿಕೆ, ಅಲ್ಲಿಂದ ಬೆಂಗಳೂರಿಗೆ ಒಂಬತ್ತು ಹತ್ತು ಗಂಟೆ. ಮನೆಯ ಬಾಗಿಲಿನಿಂದ ದೇವನಹಳ್ಳಿಯವರೆಗೆ ಒಟ್ಟು ಇಪ್ಪತ್ತಾರು ಗಂಟೆ. ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ ನಾವು ಏಳು ಜನ ಹಾರ ಹಿಡಿದು ವಿಮಾನ ನಿಲ್ದಾಣದ ಹೊರಗೆ ನಿಂತಿದ್ದೆವು. ಎಲ್ಲರೂ ಬಂದರು, ಕಟ್ಟಕಡೆಗೆ ನನ್ನ ಮಗಳು ಬಂದಳು. ಎದೆಗೆ ಕಟ್ಟಿಕೊಂಡ ಮಗು, ಹಾಲಿನ ಕಲೆಯಾದ ಬಟ್ಟೆ, ಕೆದರಿದ ತಲೆ. "ಪ್ರಯಾಣ ಹೇಗಿತ್ತಮ್ಮ?" ಎಂದೆ. "ಈಗ ಏನೂ ಕೇಳಬೇಡಪ್ಪ" ಎಂದು ಸಾಮಾನಿನ ಗಾಡಿಯ ಮೇಲೆಯೇ ಕುಳಿತು ಅತ್ತುಬಿಟ್ಟಳು. ಹಾರ ನನ್ನ ಕೈಯಲ್ಲಿಯೇ ಉಳಿಯಿತು.

ನಡೆದದ್ದು ಆಮೇಲೆ ತಿಳಿಯಿತು. ಮಗುವನ್ನು ಮಲಗಿಸಲು ವಿಮಾನದ ಮುಂದಿನ ಗೋಡೆಗೆ ಸಿಕ್ಕಿಸುವ ಬ್ಯಾಸಿನೆಟ್ ಎಂಬ ಪುಟ್ಟ ತೊಟ್ಟಿಲಿರುತ್ತದೆ. ಮೊದಲೇ ಹೇಳಿಟ್ಟಿದ್ದರೂ ಎರಡನೆಯ ವಿಮಾನದಲ್ಲಿ ಅದು ಅವಳಿಗೆ ದೊರೆಯಲಿಲ್ಲ. ಹತ್ತು ಗಂಟೆಗಳ ಕಾಲ ಮಗು ಮಡಿಲಿನಲ್ಲಿಯೇ. ಊಟದ ತಟ್ಟೆಯನ್ನು ಇಡಲು ಸ್ಥಳವಿಲ್ಲದೆ ಹಾಗೆಯೇ ಹಿಂದಕ್ಕೆ ಕಳುಹಿಸಿದಳು. ಶೌಚಾಲಯಕ್ಕೆ ಹೋಗಬೇಕಾದರೆ ಮಗುವನ್ನು ಯಾರ ಕೈಯಲ್ಲಿ ಕೊಡುವುದು? ನೀರು ಕುಡಿಯುವುದನ್ನೇ ಬಿಟ್ಟಳಂತೆ, ಹಾಲೂಡಿಸುವ ತಾಯಿ. ಕೊನೆಗೆ ಭಾಷೆಯೇ ತಿಳಿಯದ ವೃದ್ಧೆಯೊಬ್ಬರು ತಾವಾಗಿಯೇ ಎರಡು ಕೈ ಚಾಚಿ ಮಗುವನ್ನು ಹತ್ತು ನಿಮಿಷ ಎತ್ತಿಕೊಂಡರು. ಆ ತಾಯಿ ಯಾವ ದೇಶದವರೋ, ಎಲ್ಲಿಯೇ ಇರಲಿ, ಅವರಿಗೆ ನನ್ನ ನಮಸ್ಕಾರ.

ಆದರೆ ಮಗಳನ್ನು ಅಳಿಸಿದ್ದು ಇದಾವುದೂ ಅಲ್ಲ. ಮಗು ಒಂದೇ ಸಮನೆ ಅಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು ಅಚ್ಚ ಕನ್ನಡದಲ್ಲಿ, "ಇಷ್ಟು ಚಿಕ್ಕ ಮಗು ಇಟ್ಟುಕೊಂಡು ಯಾಕಾದರೂ ಹೊರಡುತ್ತಾರೋ" ಎಂದರಂತೆ. ಅವಳಿಗೆ ಅರ್ಥವಾಗಲಾರದೆಂದು ಭಾವಿಸಿದರೋ ಏನೋ. ಅವರ ಮೇಲೆ ನನಗೆ ಬಹಳ ದಿನ ಕೋಪವಿತ್ತು. ಯೋಚಿಸಿದಂತೆಲ್ಲ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ ಎಂದು ತಿಳಿಯಿತು. ಯಾಕೆ ಹೊರಡುತ್ತಾರೆ? ನಾವು ಕರೆಯುತ್ತೇವೆ, ಅದಕ್ಕೆ ಹೊರಡುತ್ತಾರೆ.

ತಿಪಟೂರು ತಲುಪಿದಾಗ ಬೆಳಗಿನ ಆರು ಗಂಟೆ. ಬಾಗಿಲಲ್ಲಿ ಆರತಿ ಸಿದ್ಧವಾಗಿತ್ತು. ಯಾರ ಹೆಸರಿನಲ್ಲಿ ನಾನು ಇಷ್ಟೆಲ್ಲ ಹಟ ಹಿಡಿದಿದ್ದೆನೋ ಆ ನನ್ನ ತಾಯಿ ಗೋಡೆ ಹಿಡಿದು ನಡೆದು ಬಂದಳು. ಮೊಮ್ಮಗಳ ಮುಖವನ್ನೊಮ್ಮೆ ನೋಡಿ, "ಮಗುವನ್ನು ಆಮೇಲೆ ನೋಡುತ್ತೇನೆ. ಮೊದಲು ಇವಳಿಗೆ ಬಿಸಿನೀರು ಹಾಕಿ ಮಲಗಿಸಿ" ಎಂದಳು. ಅಂದು ಸಂಜೆಯವರೆಗೂ ಮರಿಮಗಳನ್ನು ಕೊಡಿ ಎಂದು ಅವಳು ಕೇಳಲಿಲ್ಲ.

ನನ್ನ ಅವಿವೇಕ ಅಲ್ಲಿಗೂ ನಿಂತಿರಲಿಲ್ಲ. ಅನ್ನಪ್ರಾಶನವನ್ನು ಮೂರನೆಯ ದಿನಕ್ಕೇ ಇಡಿಸಿದ್ದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಕ್ಕೂ ನಮಗೂ ಹದಿಮೂರೂವರೆ ಗಂಟೆಗಳ ಅಂತರ. ನಮ್ಮ ಹಗಲು ಅದರ ರಾತ್ರಿ. ಇಡೀ ರಾತ್ರಿ ಎಚ್ಚರವಿದ್ದು ಬೆಳಿಗ್ಗೆ ಕಣ್ಣು ಮುಚ್ಚಿದ ಮಗುವನ್ನು ನೂರೈವತ್ತು ಜನ ಕೆನ್ನೆ ತಟ್ಟಿ ಎಬ್ಬಿಸಿದರು. ದೊಡ್ಡವರ ದೇಹವೇ ಹೊಸ ಹೊತ್ತಿಗೆ ಹೊಂದಿಕೊಳ್ಳಲು ಒಂದು ವಾರಕ್ಕೂ ಹೆಚ್ಚು ಕಾಲ ಬೇಡುತ್ತದೆ. ಹಗಲು ರಾತ್ರಿಗಳ ವ್ಯತ್ಯಾಸವನ್ನೇ ಈಗಷ್ಟೇ ಕಲಿಯುತ್ತಿರುವ ಕೂಸಿಗೆ ನಾವು ಮುಹೂರ್ತದ ಗಡಿಯಾರ ತೋರಿಸಿದೆವು.

ಹಿಂದಿರುಗುವ ದಿನ ಹತ್ತಿರ ಬಂದಾಗ ಅಮ್ಮ ನನ್ನನ್ನು ಕರೆದು, "ಕರೆಸಿಕೊಂಡವನು ನೀನು. ನೀನೇ ಹೋಗಿ ಬಿಟ್ಟು ಬಾ" ಎಂದಳು. ಅಮ್ಮನನ್ನು ನೋಡಿಕೊಳ್ಳಲು ನನ್ನ ಹೆಂಡತಿ ಉಳಿದಳು, ನಾನು ಹೊರಟೆ. ಅರವತ್ತು ದಾಟಿದ ಮೇಲೆ ನನ್ನ ಮೊದಲ ವಿಮಾನ ಪ್ರಯಾಣ ಅದು. ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನಿಗೆ ವಾಯುಭಾರದ ಪಾಠ ನಿಜವಾಗಿ ಅರ್ಥವಾದದ್ದು ಅಂದು.

ವಿಮಾನವು ಮೂವತ್ತೈದು ಸಾವಿರ ಅಡಿಗಳ ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡವು ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಮಾತ್ರ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 6,300 ಅಡಿ. ವಿಮಾನ ಇಳಿಯುವುದೆಂದರೆ ಆ ನೆತ್ತಿಯಿಂದ ಮಂಗಳೂರಿನ ಕಡಲ ದಂಡೆಗೆ ಅರ್ಧ ಗಂಟೆಯಲ್ಲಿ ಬಂದಂತೆ. ಹೊರಗಿನ ಒತ್ತಡ ಏರುತ್ತದೆ. ಕಿವಿಯ ತಮಟೆಯ ಒಳಬದಿಯ ಒತ್ತಡವೂ ಅದಕ್ಕೆ ಸಮನಾಗಬೇಕು. ಅದನ್ನು ಸಮಮಾಡುವುದು ಮಧ್ಯಕಿವಿಯಿಂದ ಗಂಟಲಿನ ಹಿಂಭಾಗಕ್ಕೆ ಹೋಗುವ ಯೂಸ್ಟೇಶಿಯನ್ ನಾಳ. ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಳ್ಳುತ್ತದೆ. ಶಿಶುಗಳಲ್ಲಿ ಆ ನಾಳ ಕಿರಿದು, ಹೆಚ್ಚು ಅಡ್ಡಲಾಗಿರುವಂಥದು. ಬೇಕೆಂದಾಗ ನುಂಗಬೇಕೆಂಬುದೂ ಕೂಸಿಗೆ ತಿಳಿಯದು. ಆದ್ದರಿಂದಲೇ ವಿಮಾನ ಏರುವಾಗ, ಅದಕ್ಕಿಂತಲೂ ಮುಖ್ಯವಾಗಿ ಇಳಿಯುವಾಗ, ಮಗುವಿಗೆ ಹಾಲೂಡಿಸುತ್ತಿರಬೇಕು. ಹಾಲು ಕುಡಿಯದಿದ್ದರೆ ಚೀಪಲು ಏನನ್ನಾದರೂ ಕೊಡಬೇಕು. ಮಗುವಿಗೆ ನೆಗಡಿಯಿದ್ದರೆ ಹೊರಡುವ ಮೊದಲು ವೈದ್ಯರನ್ನು ಕಾಣಲೇಬೇಕು. ಹಿಂದಿನ ಸಾಲಿನ ಮಹನೀಯರಿಗೆ ನಾನು ಹೇಳಬಯಸುವುದೂ ಇಷ್ಟೇ: ಆ ಅಳು ತಾಯಿಯ ಅಶಿಸ್ತಲ್ಲ, ಮಗುವಿನ ಹಟವೂ ಅಲ್ಲ, ಅದು ನೋವು.

ತೊಟ್ಟಿಲು ದೊರೆತರೂ ತಾಯಿಗೆ ವಿಶ್ರಾಂತಿಯೆಂದು ತಿಳಿಯಬೇಡಿ. ವಿಮಾನ ಕುಲುಕಾಡಿ ಬೆಲ್ಟ್ ಕಟ್ಟಿಕೊಳ್ಳುವ ದೀಪ ಹೊತ್ತಿದಾಗಲೆಲ್ಲ ಮಲಗಿದ ಮಗುವನ್ನು ಎತ್ತಿಕೊಳ್ಳಬೇಕು. ಹಾಗೆ ಎದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು, ದೀಪ ಆರಿದ ಮೇಲೆ, ಆಸನಗಳ ನಡುವಿನ ದಾರಿಯಲ್ಲಿ ನಾನು ಅತ್ತಿಂದಿತ್ತ ಓಡಾಡಿದೆ. ಲಾಲಿ ಹಾಡು ನನಗೆ ಬಾರದು. ಗೊತ್ತಿದ್ದ ಹದಿಮೂರರ ಮಗ್ಗಿಯನ್ನು ಮೆಲ್ಲನೆ ಹೇಳತೊಡಗಿದೆ. ಹದಿಮೂರೇಳಲ ತೊಂಬತ್ತೊಂದಕ್ಕೆ ಬರುವಷ್ಟರಲ್ಲಿ ಮಗು ನಿದ್ದೆಹೋಯಿತು. ನನ್ನ ಪಾಠಕ್ಕೆ ನಿದ್ದೆಹೋದವರಲ್ಲಿ ಅವಳೇ ಮೊದಲಿಗಳಲ್ಲವೆಂಬುದು ಇದನ್ನು ಓದುತ್ತಿರುವ ಹಲವರಿಗೆ ಗೊತ್ತಿದೆ! ನನ್ನ ಮಗಳು ಆ ನಡುವೆ ಎರಡು ಗಂಟೆ ನಿದ್ರೆ ಮಾಡಿದಳು, ಬಿಸಿಯಾದ ಊಟ ಮಾಡಿದಳು. ಬರುವಾಗ ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ಜೊತೆ ಕೈ, ಅಷ್ಟೇ.

ಅಮ್ಮ ಅದೇ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಮೂರು ವಾರ ಮರಿಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅವಳ ಮುಖ ನನ್ನ ಕಣ್ಣ ಮುಂದಿದೆ. ಹಾಗಾಗಿ, ಎಳೆಯ ಮಗುವನ್ನು ಕರೆತರಲೇಬಾರದೆಂದು ನಾನು ಹೇಳಲಾರೆ. ಕರೆದದ್ದು ತಪ್ಪಲ್ಲ. ಕರೆದು, ದಾರಿಯ ಭಾರವನ್ನೆಲ್ಲ ಒಬ್ಬಳ ಮೇಲೆ ಹೇರಿದ್ದು ತಪ್ಪು. ಮೊದಲೇ ನಾನು ಹೋಗಿ ಕರೆತರಬಹುದಾಗಿತ್ತು. ಟಿಕೆಟ್ಟಿನ ಖರ್ಚು ಹೆಚ್ಚೆಂದು ಹೋಗಲಿಲ್ಲ. ಆದರೆ ನೂರೈವತ್ತು ಜನರ ಊಟಕ್ಕೆ ಲೆಕ್ಕ ನೋಡಲಿಲ್ಲ.

ಆದ್ದರಿಂದ ನನ್ನ ವಯಸ್ಸಿನವರಿಗೆ ಕೆಲವು ಮಾತುಗಳು. ಅವಸರವಿಲ್ಲದಿದ್ದರೆ ಆರು ತಿಂಗಳಾದರೂ ತುಂಬಲಿ. ಅಮೆರಿಕದಲ್ಲಿ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ ವರ್ಷ ತುಂಬಿದ ಮೇಲೆ ಕೊಡುತ್ತಾರೆ. ವಿದೇಶಕ್ಕೆ ಹೊರಟ ಮಗುವಿಗೆ ಆರು ತಿಂಗಳು ತುಂಬಿದ್ದರೆ ಮುಂಚಿತವಾಗಿ ಒಂದು ಡೋಸ್ ಹಾಕಿಸಲು ಸಲಹೆ ಕೊಡುತ್ತಾರೆ. ಅದಕ್ಕಿಂತ ಎಳೆಯ ಮಗುವಿಗೆ ಆ ರಕ್ಷಣೆಯೂ ಇಲ್ಲ. ಬಂದ ಮೊದಲ ಹತ್ತು ದಿನ ಯಾವ ಸಮಾರಂಭವೂ ಬೇಡ. ನಿದ್ದೆ ಬರಿಸಲೆಂದು ನೆಗಡಿಯ ಸಿರಪ್ಪು ಹಾಕಿ ಎಂಬ ಬಂಧುಗಳ ಸಲಹೆಗೆ ಕಿವಿಗೊಡಬೇಡಿ. ಶಿಶುಗಳಿಗೆ ಅದು ಅಪಾಯಕರ.

ಅನುಕೂಲವಿದ್ದವರು ಸಮಾರಂಭದ ಹಣವನ್ನು ಮಗುವಿನ ಆಸನಕ್ಕೆ ಕೊಡಿ. ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅಲ್ಪ ದರದಲ್ಲಿ ಕರೆದೊಯ್ಯಬಹುದು, ನಿಜ. ಆದರೆ 1989ರ ಜುಲೈ 19ರಂದು ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ವಿಮಾನವೊಂದು ಅಪಘಾತಕ್ಕೀಡಾದಾಗ ಅದರಲ್ಲಿ ಮಡಿಲ ಮಕ್ಕಳು ನಾಲ್ವರಿದ್ದರು. ಅವರನ್ನು ನೆಲದ ಮೇಲೆ ಹಿಡಿದುಕೊಳ್ಳುವಂತೆ ಹೇಳುವುದರ ಹೊರತು ಸಿಬ್ಬಂದಿಗೆ ಬೇರೆ ದಾರಿಯಿರಲಿಲ್ಲ. ಒಂದು ಮಗು ಉಳಿಯಲಿಲ್ಲ. ಆ ವಿಮಾನದ ಮುಖ್ಯ ಪರಿಚಾರಿಕೆ ಜ್ಯಾನ್ ಬ್ರೌನ್ ಮುಂದೆ ಹಲವು ವರ್ಷ, ಮಕ್ಕಳಿಗೂ ಪ್ರತ್ಯೇಕ ಆಸನ ಬೇಕೆಂದು ಹೋರಾಡಿದರು. ಅಲ್ಲಿನ ವಿಮಾನಯಾನ ಆಡಳಿತವೂ ಅದನ್ನೇ ಸಲಹೆ ಮಾಡುತ್ತದೆ, ಕಡ್ಡಾಯ ಮಾಡಿಲ್ಲ. ಹೆತ್ತ ಕೈಗೆ ಪ್ರೀತಿಯಿದೆ. ಅಂಥ ಹೊಡೆತವನ್ನು ತಡೆಯುವ ಶಕ್ತಿ ಯಾರ ಕೈಗೂ ಇಲ್ಲ.

ಎಲ್ಲ ಅಜ್ಜ ಅಜ್ಜಿಯರಿಗೂ ಹೋಗಿ ಕರೆತರುವ ಆರೋಗ್ಯ, ಹಣ ಇರುವುದಿಲ್ಲವೆಂಬುದು ನನಗೆ ಗೊತ್ತು. ಅಂಥವರಿಗೂ ದಾರಿಯಿದೆ. ಮಕ್ಕಳ ಮನೆಯಿಂದ ಒಂಟಿಯಾಗಿ ಹಿಂದಿರುಗುವ ನಮ್ಮ ಕಡೆಯ ಹಿರಿಯರು ಎಷ್ಟೋ ಜನ ಇದ್ದಾರೆ. ಪರಸ್ಥಳದ ನಿಲ್ದಾಣದಲ್ಲಿ ವಿಮಾನ ಬದಲಿಸಲು ಅವರಿಗೆ ಭಾಷೆಯ ನೆರವು ಬೇಕು. ಎಳೆಮಗುವಿನ ತಾಯಿಗೆ ಎತ್ತಿಕೊಳ್ಳುವ ಕೈ ಬೇಕು. ಅಲ್ಲಿನ ಕನ್ನಡ ಕೂಟಗಳಲ್ಲಿ ವಿಚಾರಿಸಿ ಇವರಿಬ್ಬರನ್ನು ಒಂದೇ ವಿಮಾನದಲ್ಲಿ ಕೂರಿಸಿದರೆ ಇಬ್ಬರ ಪ್ರಯಾಣವೂ ಹಗುರವಾಗುತ್ತದೆ.

ನಿನ್ನೆ ಸಂಜೆಯ ನಡಿಗೆಯಲ್ಲಿ ಸ್ನೇಹಿತರಿಗೆ ಇದನ್ನೆಲ್ಲ ಹೇಳಿದೆ. ಕಲ್ಪತರು ನಾಡಿನವರು, ತೆಂಗಿನಂತೆ ಸುಲಭಕ್ಕೆ ಬಾಗುವವರಲ್ಲ. ಎರಡು ಸುತ್ತು ಮುಗಿಯುವವರೆಗೂ ಮಾತಾಡಲಿಲ್ಲ. ಮೂರನೆಯ ಸುತ್ತಿನಲ್ಲಿ, "ವೀಸಾಕ್ಕೆ ಎಷ್ಟು ದಿನ ಬೇಕಾಗುತ್ತದೆ ಮೇಷ್ಟ್ರೇ?" ಎಂದರು. ತಿಪಟೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಅರ್ಜಿ ತುಂಬಲು ಬಲ್ಲವರು ಯಾರಾದರೂ ಈ ಭಾನುವಾರ ನಮ್ಮ ಮನೆಗೆ ಬಂದರೆ ಉಪಕಾರವಾಗುತ್ತದೆ. ಕಾಫಿ ನನ್ನ ಕಡೆಯಿಂದ.