ಒಂದು ಹೂವಿನೊಳಗಿನ ಸಂತೆ

ಈ ಸಂಚಿಕೆಯ ಮುಖಪುಟಕ್ಕೆ ಡೇಸಿ ಹೂವನ್ನು ಆರಿಸಿದಾಗ, ‘ನಮ್ಮ ಸೇವಂತಿಗೆ ಇರುವಾಗ ಈ ಪರದೇಶಿ ಯಾಕೆ?’ ಎಂದು ಬಳಗದವರೇ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಬಹಳಷ್ಟು ಮಂದಿ ಡೇಸಿಯನ್ನು ಕಣ್ಣಾರೆ ಕಾಣುವ ಮೊದಲೇ ಇಂಗ್ಲಿಷ್ ಪದ್ಯಗಳಲ್ಲಿ ಓದಿದವರು. ಆ ಪದ್ಯಗಳೋ ಅದನ್ನು ಮುಗ್ಧತೆಗೂ ವಿನಯಕ್ಕೂ ಗುರುತು ಮಾಡಿ ಕೂರಿಸಿಬಿಟ್ಟಿವೆ.

ಹದಿನಾಲ್ಕನೇ ಶತಮಾನದ ಚಾಸರ್, ಮೇ ತಿಂಗಳು ಬಂತೆಂದರೆ ಪುಸ್ತಕ ಮುಚ್ಚಿಟ್ಟು ಹುಲ್ಲುಗಾವಲಿಗೆ ನಡೆಯುತ್ತಾನೆ. ಬೆಳಗಿನ ಬಿಸಿಲಿಗೆ ಡೇಸಿ ಬಿರಿಯುವುದನ್ನು ನೋಡಬೇಕು ಅವನಿಗೆ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಸ್ವತಃ ಉಳುವವನು. 1786ರ ಏಪ್ರಿಲ್‌ನಲ್ಲಿ ತನ್ನ ನೇಗಿಲಿಗೆ ಸಿಕ್ಕಿ ಮಗುಚಿದ ಡೇಸಿಯ ಮೇಲೆ ಕವಿತೆ ಬರೆದ. ಊರು ಬಿಟ್ಟು ಜಮೈಕಾಕ್ಕೆ ಹೋಗಿಬಿಡಬೇಕೆಂದು ಅವನು ಯೋಚಿಸುತ್ತಿದ್ದ ವರ್ಷವದು. ಹೂವಿಗಾಗಿ ಮರುಗುತ್ತ ಮರುಗುತ್ತ ಕೊನೆಗೆ ತನ್ನ ಪಾಡಿಗೇ ಬಂದು ನಿಲ್ಲುತ್ತಾನೆ. ಗಯಟೆಯ ‘ಫೌಸ್ಟ್’ ನಾಟಕದ ಮಾರ್ಗರೆಟ್ ನಕ್ಷತ್ರದಂಥ ಹೂವೊಂದರ ಎಸಳು ಕೀಳುತ್ತ, ತನ್ನವನಿಗೆ ಪ್ರೀತಿ ಇದೆಯೋ ಇಲ್ಲವೋ ಎಂದು ಎಣಿಸುತ್ತಾಳೆ. (‘ಇದೆ’ಯಿಂದ ಶುರುಮಾಡಿದರೆ ಎಸಳು ಬೆಸಸಂಖ್ಯೆಯಲ್ಲಿದ್ದರೆ ಸಾಕು, ಗೆದ್ದಂತೆ. ಪ್ರೇಮಿಗಳು ಈ ಲೆಕ್ಕವನ್ನು ಮೊದಲೇ ಮಾಡುವುದಿಲ್ಲ.)

ನಾವು ಎಸಳು ಎನ್ನುವುದು ಎಸಳಲ್ಲ. ಡೇಸಿಯ ಅಂಚಿನ ಒಂದೊಂದು ಬಿಳಿ ಪಟ್ಟಿಯೂ ಒಂದೊಂದು ಬೇರೆ ಹೂವು. ನಡುವಿನ ಹಳದಿ ಗುಂಡಿಯಲ್ಲಿ ಇನ್ನೂ ಹತ್ತಾರು ಪುಟಾಣಿ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಅಂಚಿನವು ದೂರದ ಕೀಟಗಳನ್ನು ಕರೆಯುತ್ತವೆ, ನಡುವಿನವು ಹೊರಸುತ್ತಿನಿಂದ ಒಳಕ್ಕೆ ಸರದಿಯಲ್ಲಿ ಅರಳುತ್ತ ವ್ಯವಹಾರ ಮುಂದುವರಿಸುತ್ತವೆ. ಸಂತೆಯೇ ಸರಿ. ಸಂಜೆಯಾದರೆ ಮುಚ್ಚುತ್ತದೆ ಕೂಡ. ಎಲೆಗಳು ನೆಲಕ್ಕೆ ಅಂಟಿದಂತೆ ಹರಡಿರುವುದರಿಂದ ಹುಲ್ಲು ಕತ್ತರಿಸುವ ಯಂತ್ರ ಹೂಗಳನ್ನಷ್ಟೇ ಒಯ್ಯುತ್ತದೆ, ಗಿಡ ಉಳಿದು ಮತ್ತೆ ಹೂ ಬಿಡುತ್ತದೆ. ಇದನ್ನು ವಿನಯ ಎನ್ನಲು ನನಗೆ ಮನಸ್ಸಿಲ್ಲ, ಶುದ್ಧ ಹಟಮಾರಿತನ.

ಅದರ ಬಳಗವೂ ಅಷ್ಟೇ ಗಟ್ಟಿ. 20,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬಕ್ಕೆ ಗಾತ್ರದಲ್ಲಿ ಸರಿಸಾಟಿಯಾಗಬಲ್ಲದ್ದು ಆರ್ಕಿಡ್ ಕುಟುಂಬ ಒಂದೇ. ಸೂರ್ಯಕಾಂತಿ, ಚೆಂಡುಹೂ, ತಲೆಗೆಣ್ಣೆ ಕಾಯಿಸಲು ತರುವ ಗರುಗದ ಸೊಪ್ಪು, ಎಲ್ಲವೂ ಡೇಸಿಯ ನೆಂಟರೇ. ಬಳಗದವರು ಕೇಳಿದ ಸೇವಂತಿಗೆಯೂ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡಿರಬಹುದು. ರಾತ್ರಿ ಉದ್ದವಾಯಿತೆಂದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಗಿಡ ಇನ್ನಷ್ಟು ಎತ್ತರ ಬೆಳೆಯಲಿ, ಹೂ ಬೆಲೆ ಇರುವ ಹೊತ್ತಿಗೆ ಬರಲಿ ಎಂದು ರೈತರು ದೀಪ ಹಚ್ಚಿ ಅದನ್ನು ಏಮಾರಿಸುತ್ತಾರೆ. ಈ ಸಂಚಿಕೆಯಲ್ಲಿ ಸೇವಂತಿಗೆಗೂ ಪುಟಗಳಿವೆ.

ಇನ್ನೊಬ್ಬ ನೆಂಟನೂ ಇದ್ದಾನೆ: 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು, ಆಮೇಲೆ ದೇಶವನ್ನೆಲ್ಲ ಆವರಿಸಿದ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. ಮೈ ತುರಿಸುವ, ಉಬ್ಬಸ ತರುವ ಈ ಗಿಡದ ಬಿಳಿ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲೂ ಅದೇ ಸಂತೆ. ಈತನ ಬಗ್ಗೆ ಬರೆಯಲು ಕೇಳಿದ ಲೇಖಕರೆಲ್ಲ ಏನೇನೋ ನೆವ ಹೇಳಿ ಜಾರಿಕೊಂಡರು. ಓದುಗರಲ್ಲಿ ಯಾರಿಗಾದರೂ ಧೈರ್ಯವಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇವೆ.