ಚೆಲುವು ಯಾರಿಗಾಗಿ?

2016ರ ಅಕ್ಟೋಬರ್ 21ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಒಂದು ಅಪರೂಪದ ಸಮಾರಂಭ ನಡೆಯಿತು. ಮಹಿಳೆಯರ ಮತ್ತು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿಯಾಗಿ ಅಂದು ನೇಮಕವಾದವಳು ಉಸಿರಾಡುವ ಹೆಂಗಸಲ್ಲ, ಕಾಮಿಕ್ಸ್ ಪುಸ್ತಕಗಳ ನಾಯಕಿ ವಂಡರ್ ವುಮನ್. ಆಕೆ ಹುಟ್ಟಿ 75 ವರ್ಷ ತುಂಬಿದ ಸಂಭ್ರಮವೂ ಅದರೊಡನೆ ಸೇರಿತ್ತು. ಟಿ.ವಿ.ಯಲ್ಲಿ ಆ ಪಾತ್ರ ಮಾಡಿದ್ದ ಲಿಂಡಾ ಕಾರ್ಟರ್, ಚಲನಚಿತ್ರದಲ್ಲಿ ಮಾಡಿದ್ದ ಗಾಲ್ ಗಡೋಟ್ ಇಬ್ಬರೂ ಬಂದಿದ್ದರು. ಆದರೆ ಅದೇ ಸಭಾಂಗಣದಲ್ಲಿ ಸಂಸ್ಥೆಯ ಕೆಲವು ಸಿಬ್ಬಂದಿ ವೇದಿಕೆಗೆ ಬೆನ್ನು ಮಾಡಿ ನಿಂತು, ಮುಷ್ಟಿ ಎತ್ತಿ ಮೌನವಾಗಿ ಪ್ರತಿಭಟಿಸಿದರು.

ಅವರ ಆಕ್ಷೇಪ ಸ್ಪಷ್ಟವಾಗಿತ್ತು. ಈಜುಡುಗೆಯಂಥ ತುಂಡು ಬಟ್ಟೆ, ಯಾವ ಹೆಣ್ಣಿಗೂ ಸಾಧ್ಯವಿಲ್ಲದ ಮೈಮಾಟ, ಮೇಲೆ ಅಮೆರಿಕದ ಬಾವುಟದ ಬಣ್ಣ. ಇಂಥವಳು ಜಗತ್ತಿನ ಹೆಣ್ಣುಮಕ್ಕಳಿಗೆ ಮಾದರಿಯೇ? ಮನವಿಪತ್ರಕ್ಕೆ ಸುಮಾರು 45,000 ಸಹಿಗಳು ಬಿದ್ದವು. ಎರಡು ತಿಂಗಳೂ ತುಂಬದೆ, ಡಿಸೆಂಬರ್ 16ಕ್ಕೆ ಆಕೆಯ ರಾಯಭಾರ ಮುಗಿಯಿತು.

ಆ ಕೋಪಕ್ಕೆ ಇನ್ನೊಂದು ಕಾರಣವೂ ಇತ್ತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಸ್ಥಾನಕ್ಕೆ ಆ ವರ್ಷ 13 ಮಂದಿ ಸ್ಪರ್ಧಿಸಿದ್ದರು. ಅವರಲ್ಲಿ ಏಳು ಮಂದಿ ಮಹಿಳೆಯರು. ಆಯ್ಕೆಯಾದವರು ಆಂಟೋನಿಯೊ ಗುಟೆರಸ್. ನಿಜವಾದ ಹೆಂಗಸರಿಗೆ ಕುರ್ಚಿ ಸಿಗಲಿಲ್ಲ, ಚಿತ್ರದ ಹೆಂಗಸಿಗೆ ಬಿರುದು ಸಿಕ್ಕಿತು ಎಂಬುದು ಹಲವರ ನೋವಾಗಿತ್ತು.

ಇಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ನಾಯಕಿ ಮೋಹಕವಾಗಿ ಕಾಣುವುದು ಒಂದು. ಆಕೆಯನ್ನು ಹೆಣ್ಣೆಂಬ ಕಾರಣಕ್ಕೆ ಕೀಳಾಗಿ ಕಾಣುವುದು ಇನ್ನೊಂದು. ಎರಡೂ ಒಂದೇ ಎಂದು ತಿಳಿದವರು ಬಟ್ಟೆಯ ಅಳತೆ ಹಿಡಿದು ತೀರ್ಪು ಕೊಡುತ್ತಾರೆ. ಆದರೆ ವಂಡರ್ ವುಮನ್‌ಳ ಬದುಕನ್ನೇ ತಿರುವಿ ನೋಡಿದರೆ ಆ ಅಳತೆಗೋಲು ಕೆಲಸಕ್ಕೆ ಬಾರದೆಂದು ತಿಳಿಯುತ್ತದೆ.

ಹುಟ್ಟಿನಲ್ಲೇ ಇದ್ದ ಗೊಂದಲ

ಆಕೆಯನ್ನು ಸೃಷ್ಟಿಸಿದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆಂದು ತೋರಿಸಿ, ಸುಳ್ಳುಪತ್ತೆ ಯಂತ್ರಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು. ಸಿಕ್ಕಿಬಿದ್ದವರ ಬಾಯಿಂದ ನಿಜ ಹೊರಡಿಸುವ ಚಿನ್ನದ ಹಗ್ಗ ಅವರ ನಾಯಕಿಯ ಕೈ ಸೇರಿದ್ದು ಸಹಜವೇ. ಕಾಮಿಕ್ಸ್ ಲೋಕವೆಲ್ಲ ಗಂಡಸರ ಬಲಪ್ರದರ್ಶನವಾಗಿದ್ದಾಗ, ಬಲವೂ ಪ್ರೀತಿಯೂ ಇರುವ ಹೆಣ್ಣೊಬ್ಬಳು ಬೇಕು ಎಂದವರು ಅವರು. ಹೆಣ್ಣೆಂದರೆ ದುರ್ಬಲಳು ಎಂದೇ ಚಿತ್ರಿಸುತ್ತಿದ್ದರೆ ಹುಡುಗಿಯರಿಗೇ ಹೆಣ್ಣಾಗಿರುವ ಇಷ್ಟ ಹೋಗುತ್ತದೆ ಎಂಬುದು ಅವರ ವಾದ. 1941ರ ಕೊನೆಗೆ, ಕಲಾವಿದ ಹ್ಯಾರಿ ಪೀಟರ್ ಅವರ ರೇಖೆಗಳಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ನ ಎಂಟನೆಯ ಸಂಚಿಕೆಯಲ್ಲಿ ವಂಡರ್ ವುಮನ್ ಮೊದಲು ಕಾಣಿಸಿಕೊಂಡಳು.

ಆದರೆ ಅದೇ ಮಾರ್ಸ್ಟನ್ ಅವರ ಕತೆಗಳಲ್ಲಿ ನಾಯಕಿ ಮತ್ತೆ ಮತ್ತೆ ಸರಪಳಿಯಲ್ಲಿ ಬಂದಿಯಾಗುತ್ತಿದ್ದಳು. ಗಂಡಸು ಆಕೆಯ ಕಡಗಗಳಿಗೆ ಸರಪಳಿ ಬಿಗಿದರೆ ಶಕ್ತಿಯೆಲ್ಲ ಸೋರಿಹೋಗುತ್ತಿತ್ತು. ಸರಪಳಿ ಹರಿಯುವ ಚಿತ್ರ ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರ ಕಾಲದ ಸಂಕೇತವೇನೋ ಹೌದು. ಆದರೆ ಹರಿಯುವುದಕ್ಕಿಂತ ಬಿಗಿಯುವ ಚಿತ್ರಗಳೇ ಹೆಚ್ಚಾದರೆ? ಪ್ರಕಾಶಕರ ಸಲಹಾ ಮಂಡಳಿಯಲ್ಲಿದ್ದ ಮಕ್ಕಳ ಸಾಹಿತ್ಯ ತಜ್ಞೆ ಜೋಸೆಟ್ ಫ್ರಾಂಕ್ 1943ರಲ್ಲೇ ಇದಕ್ಕೆ ಆಕ್ಷೇಪಿಸಿದರು. ಆಕೆ ಕಾಮಿಕ್ಸ್ ದ್ವೇಷಿಯಲ್ಲ. ಮಕ್ಕಳು ಕಾಮಿಕ್ಸ್ ಓದಲಿ ಎನ್ನುತ್ತಿದ್ದವರು. ಮಾತು ನಡೆಯದಿದ್ದಾಗ ಮಂಡಳಿಯನ್ನೇ ಬಿಟ್ಟರು. ಹೀಗೆ ಆಕರ್ಷಣೆಯೂ ಅದರ ಮೇಲಿನ ತಕರಾರೂ ವಂಡರ್ ವುಮನ್‌ಳ ಜೊತೆಯಲ್ಲೇ ಬೆಳೆದವು.

ಕಾರ್ಯದರ್ಶಿಯಾದ ವೀರವನಿತೆ

ಮೈ ತೋರಿಸದೆಯೂ ಹೆಣ್ಣನ್ನು ಹೇಗೆ ಕೀಳುಗಳೆಯಬಹುದು ಎಂಬುದಕ್ಕೆ 1942ರ ಒಂದು ಪ್ರಸಂಗ ಸಾಕು. ಆ ವರ್ಷ ವಂಡರ್ ವುಮನ್ ವೀರರ ಸಂಘವೊಂದಕ್ಕೆ ಸೇರಿದಳು. ‘ಜಸ್ಟಿಸ್ ಸೊಸೈಟಿ’ ಎಂದು ಅದರ ಹೆಸರು. ಗುಂಡುಗಳನ್ನು ಕಡಗದಿಂದಲೇ ತಡೆಯಬಲ್ಲ ಆಕೆಗೆ ಅಲ್ಲಿ ಸಿಕ್ಕ ಹುದ್ದೆ ಕಾರ್ಯದರ್ಶಿಯದು! ಗಂಡಸರು ಯುದ್ಧಕ್ಕೆ ಹೊರಟರೆ ಆಕೆ ಹಿಂದೆ ಉಳಿದು ಟಿಪ್ಪಣಿ ಬರೆದುಕೊಳ್ಳಬೇಕು. ಆ ಕತೆಗಳನ್ನು ಬರೆದವರು ಮಾರ್ಸ್ಟನ್ ಅಲ್ಲ, ಬೇರೊಬ್ಬರು. ಆಕೆಯ ಉಡುಪಿನಲ್ಲಿ ಒಂದು ನೂಲೂ ಬದಲಾಗಿರಲಿಲ್ಲ. ಬದಲಾದದ್ದು ಆಕೆಗೆ ಕೊಟ್ಟ ಕೆಲಸ.

1947ರಲ್ಲಿ ಮಾರ್ಸ್ಟನ್ ತೀರಿಕೊಂಡರು. ಮುಂದೆ ಕತೆಗಳಲ್ಲಿ ಪ್ರೇಮ, ಮದುವೆಯ ಚಿಂತೆಗಳು ಹೆಚ್ಚಿದವು. ಫ್ಲಾರೆನ್ಸ್ ನೈಟಿಂಗೇಲ್‌ರಂಥ ನಿಜಜೀವನದ ಸಾಧಕಿಯರನ್ನು ಪರಿಚಯಿಸುತ್ತಿದ್ದ ಪುಟಗಳು ಐವತ್ತರ ದಶಕದಲ್ಲಿ ನಿಂತುಹೋದವು.

ಎಲ್ಲಕ್ಕಿಂತ ದೊಡ್ಡ ಪಾಠ 1968ರದು. ಆ ವರ್ಷ ವಂಡರ್ ವುಮನ್ ತನ್ನ ಪ್ರಿಯಕರನ ನೆರವಿಗಾಗಿ ಮನುಷ್ಯಲೋಕದಲ್ಲೇ ಉಳಿಯಲು ದೈವದತ್ತ ಶಕ್ತಿಗಳನ್ನೆಲ್ಲ ತ್ಯಜಿಸಿದಳು. ಹಳೆಯ ಉಡುಪು ಹೋಗಿ ಮೈತುಂಬ ಬಟ್ಟೆ ಬಂತು, ಜೊತೆಗೆ ಒಂದು ಉಡುಪಿನ ಅಂಗಡಿ. ಹೋರಾಟದ ಪಟ್ಟು ಕಲಿಸಲು ಒಬ್ಬ ಗಂಡು ಗುರುವೂ ಬಂದ. ವರಗಳಿಲ್ಲದೆ ಸ್ವಂತ ಶ್ರಮದಿಂದ ಗೆಲ್ಲುವ ಹೆಣ್ಣೇ ಹೆಚ್ಚು ಸ್ವತಂತ್ರಳು ಎಂದು ಲೇಖಕ ಡೆನ್ನಿ ಓನೀಲ್ ಪ್ರಾಮಾಣಿಕವಾಗಿಯೇ ನಂಬಿದ್ದರು. ಬಟ್ಟೆಯ ಲೆಕ್ಕದಲ್ಲಿ ನೋಡಿದರೆ ಇದು ‘ಸುಧಾರಣೆ’.

ಆದರೆ ಬಾಲ್ಯದಲ್ಲಿ ಆಕೆಯ ಕತೆ ಓದಿ ಬೆಳೆದ ಹೆಂಗಸರಿಗೆ ಹಾಗೆ ಕಾಣಲಿಲ್ಲ. ಸೂಪರ್‌ಮ್ಯಾನ್ ಹಾರುತ್ತಲೇ ಇದ್ದ. ಶಕ್ತಿ ಕಳೆದುಕೊಂಡವಳು ಇವಳು ಮಾತ್ರ. ಸ್ತ್ರೀವಾದಿ ಪತ್ರಕರ್ತೆ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರು ‘ಮಿಸ್’ ಪತ್ರಿಕೆ ಆರಂಭಿಸಿದಾಗ, 1972ರ ಜುಲೈ ಸಂಚಿಕೆಯ ಮುಖಪುಟಕ್ಕೆ ತಂದದ್ದು ವಂಡರ್ ವುಮನ್‌ಳನ್ನೇ, ಅದೂ ಆ ಹಳೆಯ ಉಡುಪಿನಲ್ಲೇ. ಮುಖಪುಟದಲ್ಲಿ ಆಕೆಯನ್ನು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಹೆಸರಿಸಲಾಗಿತ್ತು. 1973ರಲ್ಲಿ ಆಕೆಗೆ ಶಕ್ತಿ ಮರಳಿ ಬಂತು. ಸ್ತ್ರೀವಾದಿಗಳು ಕೇಳಿದ್ದು ಇನ್ನೊಂದು ಮೊಳ ಬಟ್ಟೆಯನ್ನಲ್ಲ, ಕಿತ್ತುಕೊಂಡ ಬಲವನ್ನು.

ಗಂಡಿಗೂ ಒಂದು ಭಂಗಿ

ಹಾಗಾದರೆ ಉಡುಪಿನ ಮಾತೇ ಬೇಡವೇ? ಹಾಗೇನೂ ಅಲ್ಲ. ತೊಂಬತ್ತರ ದಶಕದ ಅಮೆರಿಕದಲ್ಲಿ ಕಾಮಿಕ್ಸ್ ಮಾರಾಟ ಪ್ರತ್ಯೇಕ ಅಂಗಡಿಗಳಿಗೆ ಸರಿದಿತ್ತು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತರುಣರು. ಅವರ ಕಣ್ಣಿಗೆ ತಕ್ಕಂತೆ ನಾಯಕಿಯರ ಸೊಂಟ ಸಣ್ಣದಾಯಿತು, ಎದೆ ಉಬ್ಬಿತು, ಬೆನ್ನು ಮುರಿದಂತೆ ತಿರುಚಿಕೊಂಡಿತು. ಹೊಡೆಯುವಾಗಲೂ ಬೀಳುವಾಗಲೂ ಆಕೆ ಓದುಗನಿಗೆ ಮೈ ತೋರಿಸುತ್ತಲೇ ಇರಬೇಕು.

ಸೂಪರ್‌ಮ್ಯಾನನ ಮೈಕಟ್ಟೂ ಅಸಹಜವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವನ ತೋಳು ಉಬ್ಬಿರುವುದು ಕಾರು ಎತ್ತಲು. ಅದನ್ನು ನೋಡುವ ಹುಡುಗ ತಾನೂ ಹಾಗಾಗಬೇಕೆಂದು ಕನಸು ಕಾಣುತ್ತಾನೆ. ನಾಯಕಿಯ ಮೈಯನ್ನು ಹಿಗ್ಗಿಸಿದ್ದು ಆಕೆಯ ಕೆಲಸಕ್ಕೆ ಅಲ್ಲ, ನೋಡುವವನ ಸುಖಕ್ಕೆ. ಮೋಹಕತೆ ಕೀಳೆಣಿಕೆಯಾಗುವುದು ಇಲ್ಲಿಯೇ.

2012ರಲ್ಲಿ ಕೆಲವು ಕಲಾವಿದರು ಇದನ್ನು ನಗೆಯಲ್ಲೇ ಸಾಬೀತು ಮಾಡಿದರು. ನಾಯಕಿಯರನ್ನು ನಿಲ್ಲಿಸುವ ಅದೇ ಭಂಗಿಗಳಲ್ಲಿ ಹಾಕ್‌ಐ ಎಂಬ ಬಿಲ್ಲುಗಾರ ವೀರನನ್ನು ಚಿತ್ರಿಸತೊಡಗಿದರು. ಸೊಂಟ ತಿರುಚಿ, ಬೆನ್ನು ಬಾಗಿಸಿ, ತುಟಿ ಮುಂದೆ ಮಾಡಿ ನಿಂತ ಆ ಗಂಡಾಳನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. ಗಂಡಸಿಗೆ ಹಾಸ್ಯಾಸ್ಪದವಾದದ್ದು ಹೆಂಗಸಿಗೆ ಸಹಜವೆಂದು ಇಷ್ಟು ದಿನ ಕಂಡದ್ದು ಹೇಗೆ?

ಬದಲಾವಣೆಯೂ ಅದೇ ಹೊತ್ತಿಗೆ ಬಂತು. ಈಜುಡುಗೆಯಂಥ ಕಪ್ಪು ಪೋಷಾಕಿನಲ್ಲಿ ವರ್ಷಗಟ್ಟಲೆ ಹೋರಾಡಿದ್ದ ಕ್ಯಾರಲ್ ಡ್ಯಾನ್ವರ್ಸ್‌ಗೆ 2012ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಎಂಬ ಪದವಿಯೂ, ವಾಯುಪಡೆಯಲ್ಲಿದ್ದವಳಿಗೆ ಒಪ್ಪುವ ಉಡುಪೂ ಸಿಕ್ಕವು. 2014ರಲ್ಲಿ ಬಂದವಳು ಕಮಲಾ ಖಾನ್. ಪಾಕಿಸ್ತಾನದಿಂದ ವಲಸೆ ಹೋದ ದಂಪತಿಯ ಮಗಳು, ಜರ್ಸಿ ಸಿಟಿಯ ಹದಿಹರೆಯದ ಹುಡುಗಿ. ಲೇಖಕಿ ಜಿ. ವಿಲ್ಲೊ ವಿಲ್ಸನ್ ಬರೆದ ಮೊದಲ ಕತೆಯಲ್ಲಿ ಕಮಲಾಗೆ ಅದ್ಭುತ ಶಕ್ತಿ ಬಂದಾಗ ಆಕೆ ತನಗರಿವಿಲ್ಲದೆಯೇ ತನ್ನ ಆರಾಧ್ಯ ನಾಯಕಿ ಕ್ಯಾರಲ್‌ಳಂತೆ ಬದಲಾಗಿಬಿಡುತ್ತಾಳೆ: ಹೊಂಬಣ್ಣದ ಕೂದಲು, ಅದೇ ಕಿರಿದಾದ ಉಡುಪು, ಎತ್ತರದ ಬೂಟು. ಕನಸು ನನಸಾಯಿತು, ಆದರೆ ನೆಮ್ಮದಿಯಿಲ್ಲ! ಬೂಟು ಕಚ್ಚುತ್ತದೆ, ಬಟ್ಟೆ ಕಿರಿಕಿರಿ ಮಾಡುತ್ತದೆ. ಕೊನೆಗೆ ಆಕೆ ಮೈಮುಚ್ಚುವ ಈಜುಡುಗೆಯೊಂದನ್ನು ತಿದ್ದಿ ತನ್ನದೇ ಪೋಷಾಕು ಮಾಡಿಕೊಂಡು, ತನ್ನದೇ ಮುಖದಲ್ಲಿ ಹೊರಡುತ್ತಾಳೆ. ಈ ಕತೆಗಳ ಮೊದಲ ಸಂಪುಟಕ್ಕೆ 2015ರ ಹ್ಯೂಗೊ ಪ್ರಶಸ್ತಿ ಬಂತು. ಪರರ ಕಣ್ಣಿಗಾಗಿ ಹೊಲಿದ ಉಡುಪು ತೊಟ್ಟವಳಿಗೆ ಹೇಗಿರುತ್ತದೆ ಎಂಬುದನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ಹೇಳಲಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ವಿಶ್ವಸಂಸ್ಥೆಯ ಸಮಾರಂಭದಲ್ಲಿ ಬೆನ್ನು ತಿರುಗಿಸಿದವರು ಪೂರ್ತಿ ತಪ್ಪಲ್ಲ. ಚಪ್ಪಾಳೆ ತಟ್ಟಿದ ಹುಡುಗಿಯರೂ ತಪ್ಪಲ್ಲ. ಒಬ್ಬರು ನೋಡಿದ್ದು ಆಕೆಯನ್ನು ಚಿತ್ರಿಸಿದ ಕಣ್ಣನ್ನು, ಇನ್ನೊಬ್ಬರು ಆಕೆಯ ಸಾಹಸವನ್ನು.

ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡಾಗ ಕೆಲವು ಪಾಲಕರು ಕಿತ್ತಿಡುತ್ತಾರೆ, ಕೆಲವರು ಕಂಡೂ ಕಾಣದಂತಿರುತ್ತಾರೆ. ಮೊದಲನೆಯದು ಹುಡುಗಿಗೆ, ತಪ್ಪಿರುವುದು ಹೆಣ್ಣಿನ ಮೈಯಲ್ಲೇ ಎಂದು ಕಲಿಸುತ್ತದೆ. ಎರಡನೆಯದು ಹುಡುಗನಿಗೆ, ಹೆಣ್ಣಿರುವುದೇ ನೋಡಲಿಕ್ಕೆ ಎಂದು ಕಲಿಸುತ್ತದೆ. ಇವೆರಡಕ್ಕಿಂತ ಜೊತೆಯಲ್ಲಿ ಕೂತು ಪುಟ ತಿರುವುವುದು ಒಳ್ಳೆಯದು. ಈ ಕತೆಯಲ್ಲಿ ತೀರ್ಮಾನ ಮಾಡುವವರು ಯಾರು? ಅಪಾಯ ಬಂದಾಗ ನಾಯಕಿ ಏನು ಮಾಡುತ್ತಾಳೆ? ಆಕೆ ಗೆದ್ದಾಗ ಚಿತ್ರ ತೋರಿಸುವುದು ಆಕೆಯ ಮುಖವನ್ನೋ, ಮತ್ತೇನನ್ನೋ?

ಆಮೇಲೂ ಅನುಮಾನ ಉಳಿದರೆ ಮಕ್ಕಳ ಕೈಗೊಂದು ಪೆನ್ಸಿಲು ಕೊಟ್ಟು, ಅದೇ ಭಂಗಿಯಲ್ಲಿ ಸೂಪರ್‌ಮ್ಯಾನನನ್ನು ಬರೆಯಲು ಹೇಳಬಹುದು. ಅವನು ಆಗಲೂ ವೀರನಂತೆ ಕಂಡರೆ ಆ ನಾಯಕಿ ಬರೀ ಚೆಲುವೆ, ಭಯವಿಲ್ಲ. ಮಕ್ಕಳು ಬಿದ್ದು ನಕ್ಕರೆ, ಆ ಚಿತ್ರ ಯಾರನ್ನು ಕೀಳುಗಳೆದಿತ್ತು ಎಂಬುದು ಅವರಿಗೇ ತಿಳಿದುಬಿಡುತ್ತದೆ.