ಲೆಕ್ಕಕ್ಕೆ ಬಾರದ ಗೆಳೆಯ

ನಮ್ಮ ಹಳ್ಳಿಯ ಮನೆಗಳಲ್ಲಿ ಪ್ರತಿಯೊಂದು ಪ್ರಾಣಿಗೂ ಒಂದು ಲೆಕ್ಕವುಂಟು. ಹಸು ಹಾಲು ಕೊಡುತ್ತದೆ, ಎತ್ತು ಉಳುತ್ತದೆ, ಕೋಳಿ ಮೊಟ್ಟೆಯಿಡುತ್ತದೆ. ಬೆಕ್ಕು ಕೂಡ ಇಲಿ ಹಿಡಿದು ತಾನು ಕುಡಿದ ಹಾಲಿನ ಋಣವನ್ನು ತೀರಿಸುತ್ತದೆ. ನಾಯಿಯೊಂದೇ ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಮನೆ ಕಾಯುತ್ತದೆ ಎನ್ನುತ್ತೇವೆ. ಆದರೆ ಕಾಯಬೇಕಾದ ಭಂಡಾರ ನಮ್ಮಂಥವರ ಮನೆಯಲ್ಲಿ ಏನಿದೆ? ಆದರೂ ದಿನವೂ ಒಂದು ತುತ್ತು ಮುದ್ದೆ ಅದರ ಪಾಲಿಗೆ ಮೀಸಲು. ಆ ತುತ್ತನ್ನು ಹಾಕಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದಿರುವುದು ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ಆ ತಪ್ಪನ್ನು ನಾನೂ ಮಾಡಿದವನೇ ಆದುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ನಾಯಿಯ ಹೆಸರು ಕರಿಯ. ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಕಪ್ಪಗಿದ್ದ, ಕರಿಯನಾದ. ನಾನು ಐದನೆಯ ತರಗತಿಯಲ್ಲಿದ್ದಾಗ ಕಬ್ಬಿನ ಗದ್ದೆಯ ಬದುವಿನ ಮೇಲೆ ಸಿಕ್ಕಿದ ಮರಿ ಅದು. ಮನೆಗೆ ತಂದಾಗ ಅವ್ವ ಬೈದಳು, ಅಪ್ಪ ಮಾತಾಡಲಿಲ್ಲ. ಆದರೆ ಅಂದು ರಾತ್ರಿ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹಾಸಿದವರು ಅಪ್ಪನೇ.

ನಾನು ಕಾಲೇಜು ಸೇರಿ ಹಾಸ್ಟೆಲಿಗೆ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಬಸ್ಸು ನಿಲ್ಲುವ ಅರಳಿಕಟ್ಟೆಯ ಬಳಿ ಕರಿಯ ಕುಳಿತಿರುತ್ತಿದ್ದ. ನಾನು ಬರುವ ಶನಿವಾರ ಅವನಿಗೆ ಹೇಗೆ ತಿಳಿಯುತ್ತದೆಂದು ಗೆಳೆಯರೊಡನೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಅಂಗಡಿಯವರು ಗುಟ್ಟು ಬಿಚ್ಚಿದರು. ಅವನಿಗೆ ಶನಿವಾರ ತಿಳಿಯುತ್ತಿರಲಿಲ್ಲ. ದಿನವೂ ಸಂಜೆ ಬಂದು ಕುಳಿತು, ಬಸ್ಸು ಹೊರಟ ಮೇಲೆ ಒಬ್ಬನೇ ಮನೆಗೆ ಹಿಂದಿರುಗುತ್ತಿದ್ದನಂತೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ಕರಿಯ ಕಟ್ಟೆಯ ಬಳಿ ಬಂದಿರಲಿಲ್ಲ. ಕೊಟ್ಟಿಗೆಯಲ್ಲಿ ಮಲಗಿದ್ದ. ಕಿವಿಗಳ ತುಂಬ ಉಣ್ಣೆಗಳು, ಮೈ ಕಾದಿತ್ತು, ಮೂಗಿನಲ್ಲಿ ರಕ್ತದ ಕಲೆ. "ಉಷ್ಣ ಆಗೈತೆ, ಮಜ್ಜಿಗೆ ಹಾಕಿ" ಎಂದರು ಪಕ್ಕದ ಮನೆಯ ಅಜ್ಜಿ. ಅವ್ವ ಮಜ್ಜಿಗೆ ಹಾಕಿದಳು. ಮರುದಿನ ನಮ್ಮ ಹಸು ಮೇವು ಬಿಟ್ಟಿತು. ಅಪ್ಪ ಒಡನೆಯೇ ದನದ ಡಾಕ್ಟರನ್ನು ಕರೆತಂದರು. ಅವರು ಹಸುವಿಗೆ ಸೂಜಿಮದ್ದು ಕೊಟ್ಟು, ಕೈ ತೊಳೆದು, ಕಾಫಿ ಕುಡಿದು ಹೊರಟರು. ಕರಿಯ ಮಲಗಿದ್ದುದು ಅಲ್ಲಿಂದ ನಾಲ್ಕು ಮಾರು ದೂರದಲ್ಲಿ. 'ಇವನನ್ನೂ ಸ್ವಲ್ಪ ನೋಡಿ' ಎಂದು ಅಪ್ಪ ಹೇಳಲಿಲ್ಲ, ಅವ್ವ ಹೇಳಲಿಲ್ಲ. ಹಸುವಿನ ಹಗ್ಗ ಹಿಡಿದು ನಿಂತಿದ್ದ ನಾನೂ ಹೇಳಲಿಲ್ಲ.

ಪರೀಕ್ಷೆಯೆಂದು ನಾನು ಹಾಸ್ಟೆಲಿಗೆ ಮರಳಿದೆ. ಫೋನಿನಲ್ಲಿ ಕೇಳಿದಾಗಲೆಲ್ಲ ಅವ್ವ, "ಅವ್ನೆ ಕಣ್ ಮಗ, ನೀನು ಓದ್ಕೊ" ಎನ್ನುತ್ತಿದ್ದಳು. ಪರೀಕ್ಷೆ ಮುಗಿಸಿ ಬಸ್ಸಿನಿಂದಿಳಿದಾಗ ಕಟ್ಟೆ ಬರಿದಾಗಿತ್ತು. ನಾನು ಮನೆಯಲ್ಲಿ ಏನನ್ನೂ ಕೇಳಲಿಲ್ಲ.

ಆಮೇಲೆ ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ವಿಚಾರಿಸಿದೆ. ಲಕ್ಷಣಗಳನ್ನು ಕೇಳಿ, ಉಣ್ಣೆಯಿಂದ ಬರುವ ಜ್ವರವಿರಬಹುದೆಂದರು. ಉಣ್ಣೆ ಕಚ್ಚಿದಾಗ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ಮೊದಲಲ್ಲೇ ಗುರುತಿಸಿ ಮೂರು ನಾಲ್ಕು ವಾರ ಮಾತ್ರೆ ಕೊಟ್ಟರೆ ಬಹುಮಟ್ಟಿಗೆ ಗುಣವಾಗುತ್ತದೆ. "ಅಂದೇ ಹೇಳಬಾರದಿತ್ತೇ?" ಎಂದರು. ಎಲ್ಲರ ಬಾಯಲ್ಲೂ ಅದು ದನದ ಆಸ್ಪತ್ರೆ. ನಾಯಿಗೂ ಅಲ್ಲಿ ಬಾಗಿಲಿದೆಯೆಂಬುದು ನಮಗೆ ಹೊಳೆಯಲೇ ಇಲ್ಲ.

ಹಾಸ್ಟೆಲಿನಲ್ಲಿ ಒಬ್ಬ ಮಿತ್ರ, "ನಾಯಿ ಸತ್ತದ್ದಕ್ಕೆ ಇಷ್ಟೊಂದು ದುಃಖವೇ?" ಎಂದು ನಕ್ಕ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಅವನಿಗೆ ನೆನಪಿಸಿದೆ. ಕ್ರಿ.ಶ. 949-50ರ ಕಾಲದ್ದದು. ಚೋಳರನ್ನು ಗೆದ್ದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು 'ಮೆಚ್ಚಿದೆ, ಬೇಡು' ಎಂದಾಗ, ಗಂಗರ ಬೂತುಗನ ಕಡೆಯ ವೀರ ಮಣಲೆರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಮಡಿದುವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಕರಿಯ ಹಂದಿಯನ್ನು ಕಂಡರೆ ಹುಲ್ಲಿನ ಮೆದೆಯ ಹಿಂದೆ ಅಡಗುತ್ತಿದ್ದವನು. ಅವನಿಗೆ ವೀರಗಲ್ಲು ಬೇಡ. ಬೇಕಾಗಿದ್ದುದು ಒಂದು ಮಾತು, ಕೆಲವು ಮಾತ್ರೆ.

ಮನುಷ್ಯರಿಗೇ ಔಷಧಕ್ಕೆ ಹಣವಿಲ್ಲದ ಮನೆಗಳಲ್ಲಿ ನಾಯಿಯ ಚಿಂತೆ ಏತಕ್ಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಉಣ್ಣೆ ಆಯುವುದಕ್ಕೆ ಹಣ ಬೇಡ, ಬಿಡುವು ಬೇಕು. ನಾಯಿಗೆ ಹುಚ್ಚುರೋಗದ ಲಸಿಕೆ ಹಾಕಿಸಿದರೆ ಅದರೊಡನೆ ಆಡುವ ಮನೆಯ ಮಕ್ಕಳಿಗೂ ರಕ್ಷಣೆ. ಏಕೆಂದರೆ ಆ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಇಷ್ಟನ್ನಾದರೂ ಮನೆಯಲ್ಲಿ ತಿಳಿಸಿ ಹೇಳದಿದ್ದರೆ, ಓದಿದ ನಾವು ಊರಿಗೆ ಹೋಗಿ ಮಾಡುವುದಾದರೂ ಏನು?

ಅಪ್ಪ ಇಂದಿಗೂ ಕರಿಯನ ಹೆಸರೆತ್ತುವುದಿಲ್ಲ. ಆದರೆ ಊಟದ ಕೊನೆಗೆ ಒಂದು ತುತ್ತು ಮುದ್ದೆ ತಟ್ಟೆಯ ಅಂಚಿನಲ್ಲಿ ಉಳಿದಿರುತ್ತದೆ. ಅವ್ವ ಅದನ್ನು ಮಾತಿಲ್ಲದೆ ತೆಗೆದುಕೊಂಡು ಹೋಗಿ ಹಸುವಿಗೆ ಹಾಕುತ್ತಾಳೆ.

ಹಳ್ಳಿಗಳಿಂದ ಬಂದಿರುವ ನನ್ನ ಸಹಪಾಠಿಗಳೇ, ಈ ರಜೆಯಲ್ಲಿ ನೀವೂ ಊರಿಗೆ ಹೋಗುವಿರಿ. ನಿಮ್ಮ ನಾಯಿ ಬಾಲವಾಡಿಸುತ್ತ ಎದುರಿಗೆ ಬಂದರೆ, ತಲೆ ಸವರುವಾಗಲೇ ಅದರ ಕಿವಿಗಳನ್ನೂ ಒಮ್ಮೆ ಬಿಡಿಸಿ ನೋಡಿ.